ಎಸ್‌ಕ್ಯೂಎಲ್ ಇಂಜೆಕ್ಷನ್

ಎಸ್‌ಕ್ಯೂಎಲ್ ಇಂಜೆಕ್ಷನ್ ಎಂಬುದು ದತ್ತಸಂಚಯವನ್ನು ಬಳಸುವ ಜಾಲತಾಣಗಳ ಮೇಲೆ ನಡೆಯುವ ಒಂದು ಬಗೆಯ ದಾಳಿ. ಬಳಕೆದಾರರು ನಮೂದಿಸಿದ ಪಠ್ಯವನ್ನು ಪ್ರೋಗ್ರಾಮ್ ನೇರವಾಗಿ ಎಸ್‌ಕ್ಯೂಎಲ್ ಆದೇಶಕ್ಕೆ ಜೋಡಿಸಿದಾಗ ಈ ದೋಷ ಉಂಟಾಗುತ್ತದೆ. ಇದರ ಮೂಲಕ ದಾಳಿಕೋರರು ಗುಪ್ತಪದವಿಲ್ಲದೆ ಲಾಗಿನ್ ಆಗಬಹುದು, ಮಾಹಿತಿಯನ್ನು ಕದಿಯಬಹುದು ಅಥವಾ ಅಳಿಸಬಹುದು.

ಕಾರ್ಯವಿಧಾನ

ಎಸ್‌ಕ್ಯೂಎಲ್‌ನಲ್ಲಿ ಪಠ್ಯವನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಬರೆಯಲಾಗುತ್ತದೆ. ನಮೂದಿಸಿದ ಪಠ್ಯದಲ್ಲೇ ಅಂತಹ ಚಿಹ್ನೆಯಿದ್ದರೆ ಪಠ್ಯವು ಅಲ್ಲಿಗೇ ಮುಗಿದಂತಾಗಿ, ಮುಂದಿನ ಅಕ್ಷರಗಳು ಆದೇಶದ ಭಾಗವಾಗುತ್ತವೆ. ಓ'ಬ್ರಯನ್‌ನಂತಹ ಸಹಜ ಹೆಸರುಗಳಲ್ಲೂ ಈ ಚಿಹ್ನೆ ಬರುವುದರಿಂದ ಅದನ್ನು ನಿಷೇಧಿಸುವುದು ಸರಿಯಾದ ಪರಿಹಾರವಲ್ಲ.

ಪರಿಣಾಮ

2015ರಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ದೂರಸಂಪರ್ಕ ಸಂಸ್ಥೆಯ 1,56,959 ಗ್ರಾಹಕರ ವೈಯಕ್ತಿಕ ವಿವರಗಳು ಈ ದಾಳಿಯಿಂದ ಸೋರಿಕೆಯಾದವು. ಅಲ್ಲಿನ ಮಾಹಿತಿ ಆಯುಕ್ತರ ಕಚೇರಿಯು 2016ರಲ್ಲಿ ಸಂಸ್ಥೆಗೆ 4 ಲಕ್ಷ ಪೌಂಡ್ ದಂಡ ವಿಧಿಸಿತು.

ತಡೆಗಟ್ಟುವ ಕ್ರಮಗಳು

* ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಕೆ: ಆದೇಶದಲ್ಲಿ ಮೌಲ್ಯಗಳ ಸ್ಥಾನವನ್ನು ಪ್ರಶ್ನಾರ್ಥಕ ಚಿಹ್ನೆಯಿಂದ ಗುರುತಿಸಿ, ಮೌಲ್ಯಗಳನ್ನು ಪ್ರತ್ಯೇಕವಾಗಿ ಒದಗಿಸಬೇಕು. ಆಗ ಅವು ಆದೇಶವಾಗಿ ಮಾರ್ಪಡುವುದಿಲ್ಲ. ಪಿಎಚ್‌ಪಿಯ ಪಿಡಿಒ ಮತ್ತು ಜಾವಾದ ಜೆಡಿಬಿಸಿಗಳಲ್ಲಿ ಈ ಸೌಲಭ್ಯವಿದೆ.
* ಅನುಮತಿ ಪಟ್ಟಿ: ಕೋಷ್ಟಕ ಮತ್ತು ಕಾಲಮ್‌ಗಳ ಹೆಸರುಗಳನ್ನು ಈ ರೀತಿ ಪ್ರತ್ಯೇಕವಾಗಿ ಒದಗಿಸಲಾಗದು. ಆದ್ದರಿಂದ ಅವುಗಳನ್ನು ಮೊದಲೇ ನಿಗದಿಪಡಿಸಿದ ಪಟ್ಟಿಯಿಂದ ಮಾತ್ರ ಆಯ್ಕೆ ಮಾಡಬೇಕು.
* ಕನಿಷ್ಠ ಅಧಿಕಾರ: ಮಾಹಿತಿಯನ್ನು ಓದುವುದಷ್ಟೇ ಅಗತ್ಯವಿರುವ ಪುಟಕ್ಕೆ ಅಳಿಸುವ ಅಧಿಕಾರವಿರುವ ದತ್ತಸಂಚಯ ಖಾತೆಯನ್ನು ನೀಡಬಾರದು.
* ದೋಷ ಸಂದೇಶಗಳ ಗೋಪ್ಯತೆ: ದತ್ತಸಂಚಯದ ದೋಷ ಸಂದೇಶಗಳು ಕೋಷ್ಟಕಗಳ ರಚನೆಯನ್ನು ಬಯಲುಮಾಡಬಲ್ಲವು. ಅವುಗಳನ್ನು ಬಳಕೆದಾರರಿಗೆ ತೋರಿಸದೆ ಲಾಗ್ ಕಡತದಲ್ಲಿ ದಾಖಲಿಸಬೇಕು.