ಒಳಗೆ ಬಿಡ್ತಾರಾ? ಎರಡು ದೊಡ್ಡ ಹೋಟೆಲು, ಒಂದು ರಾತ್ರಿ ಊಟ



ಹೋದ ವಾರ ನಮ್ಮ ಮನೆಯಲ್ಲಿ ಒಂದು ಸಣ್ಣ ಪಂಚಾಯ್ತಿ ನಡೆಯಿತು. ಅಪ್ಪ ಅವ್ವನ ಮದುವೆಗೆ 50 ವರ್ಷ ತುಂಬಿತ್ತು. ಮಗಳಿಗೆ ಮೊದಲ ಸಂಬಳ ಬಂದಿತ್ತು. "ತಾತ ಅಜ್ಜಿನ ದೊಡ್ಡ ಹೋಟ್ಲಿಗೆ ನಾನೇ ಕರ್ಕೊಂಡ್ ಹೋಗ್ತೀನಿ" ಅಂತ ಫೋನಿನಲ್ಲಿ ಎರಡು ಜಾಗ ತೋರಿಸಿದಳು. ಒಂದು, ಬೆಂಗಳೂರು ದಂಡಿನ ಕಡೆ ಬ್ರಿಟಿಷರ ಕಾಲದ ಕಟ್ಟಡದಲ್ಲಿರುವ ರೆಸ್ಟೋರೆಂಟ್. ಇನ್ನೊಂದು, ದಕ್ಷಿಣ ಬೆಂಗಳೂರಿನಲ್ಲಿ ಹೊಸದಾಗಿ ಶುರುವಾದದ್ದು, 'ಶುದ್ಧ, ಸಾತ್ವಿಕ, ಸಂಪ್ರದಾಯದ ಊಟ' ಅಂತ ಹೇಳಿಕೊಳ್ಳುವ ಜಾಗ. ಎರಡೂ ಕಡೆ ರೇಟು ನೋಡಿ ಅವ್ವ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಅಪ್ಪ ರೇಟು ಕೇಳಲಿಲ್ಲ. ಕೇಳಿದ್ದು ಒಂದೇ ಮಾತು: "ನಮ್ಮನ್ನ ಒಳಗೆ ಬಿಡ್ತಾರೇನವ್ವಾ?"

ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಅಪ್ಪ ಹುಡುಗನಾಗಿದ್ದಾಗ ನಮ್ಮೂರ ಹೋಟೆಲಿನ ಸೂರಿಗೆ ತೆಂಗಿನ ಚಿಪ್ಪು ಸಿಕ್ಕಿಸಿರುತ್ತಿದ್ದರು. ನಮ್ಮೋರು ಅದನ್ನ ತಗೊಂಡು ಅಂಗಳದಲ್ಲಿ ಕೂರಬೇಕು, ಮೇಲಿಂದ ಹುಯ್ದ ಟೀ ಕುಡಿಯಬೇಕು, ತೊಳೆದು ವಾಪಸ್ ಸಿಕ್ಕಿಸಬೇಕು. ಕಾಸು ಮಾತ್ರ ಎಲ್ಲರದ್ದೂ ಒಂದೇ. ಇದು 1960ರ ದಶಕದ ಮಾತು. ಅದು ತಪ್ಪು ಅಂತ ಕಾನೂನು ಬಂದು ಆಗಲೇ ಎಷ್ಟೋ ವರ್ಷ ಆಗಿತ್ತು.

ಆವತ್ತು ರಾತ್ರಿ ಮಗಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ. ಈ ಎರಡು ಹೋಟೆಲಿನ ಬಾಗಿಲಿಗೂ ನಮಗೂ ಹಳೇ ಲೆಕ್ಕ ಇದೆ.

ಮೊದಲು ಆ 'ಶುದ್ಧ' ಅನ್ನೋ ಮಾತು. ನಮ್ಮ ಕಡೆ ಹೋಟೆಲು ಅನ್ನೋದು ಹುಟ್ಟಿದ್ದೇ ಜಾತಿಯ ಬೋರ್ಡು ಹಾಕಿಕೊಂಡು. ಇವತ್ತು ಎಲ್ಲರೂ ಎಂಟಿಆರ್ ಅಂತ ಕರೆಯುವ ಹೋಟೆಲು 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಣ್ ಕಾಫಿ ಕ್ಲಬ್. ಇವತ್ತು ಅಲ್ಲಿ ಎಲ್ಲರೂ ಕ್ಯೂ ನಿಲ್ಲುತ್ತಾರೆ, ನಾನೂ ನಿಂತಿದ್ದೀನಿ, ದೋಸೆ ಚೆನ್ನಾಗಿರುತ್ತೆ. ನನ್ನ ತಕರಾರು ಒಂದು ಹೋಟೆಲಿನ ಮೇಲಲ್ಲ. ಬೋರ್ಡಿನ ಮೇಲೆ 'ಬ್ರಾಹ್ಮಣ' ಅಂತ ಬರೆದರೆ ಅದರ ಅರ್ಥ ಏನು? ಒಲೆ ಮುಂದೆ ಯಾರು ನಿಂತಿದ್ದಾರೆ ಅನ್ನೋದಕ್ಕೆ ಗ್ಯಾರಂಟಿ. ಆಗಿನ ಎಷ್ಟೋ ಹೋಟೆಲುಗಳಲ್ಲಿ, ರೈಲ್ವೆ ಸ್ಟೇಷನ್ನಿನ ಊಟದ ಮನೆಗಳಲ್ಲೂ ಬ್ರಾಹ್ಮಣರಿಗೆ ಬೇರೆ, ಉಳಿದವರಿಗೆ ಬೇರೆ ಜಾಗ. ನಮಗೆ? ಆ 'ಉಳಿದವರ' ಲಿಸ್ಟಿನಲ್ಲೂ ಜಾಗ ಇರಲಿಲ್ಲ.

1957ರಲ್ಲಿ ಮದರಾಸಿನ ತಿರುವಲ್ಲಿಕೇಣಿಯಲ್ಲಿ ಒಂದು ಹೋಟೆಲಿನ ಬೋರ್ಡಿನಿಂದ 'ಬ್ರಾಹ್ಮಣ' ಅನ್ನೋ ಪದ ಅಳಿಸಬೇಕು ಅಂತ ಪೆರಿಯಾರ್ ಚಳವಳಿಯನ್ನೇ ಮಾಡಿದರು. ಒಂದು ಪದಕ್ಕೆ ಇಷ್ಟೊಂದು ಗಲಾಟೆ ಯಾಕೆ ಅಂದವರಿದ್ದರು. ಅದು ಬರೀ ಪದ ಆಗಿದ್ದರೆ ಅಳಿಸೋಕೆ ಅಷ್ಟು ಕಷ್ಟ ಆಗುತ್ತಿರಲಿಲ್ಲ. ನಮ್ಮ ಶಂಕರಪುರದಲ್ಲಿ ಹೆಸರಲ್ಲೇ ಬ್ರಾಹ್ಮಣ ಇರುವ ಕಾಫಿ ಬಾರು ಶುರುವಾದದ್ದು 1965ರಲ್ಲಿ, ಸಂವಿಧಾನ ಬಂದು 15 ವರ್ಷದ ಮೇಲೆ. ಇವತ್ತೂ ಅದೇ ಹೆಸರು.

ಇನ್ನು ದಂಡಿನ ಕಡೆಯ ಬಾಗಿಲು. ಬೆಂಗಳೂರು ದಂಡು ಶುರುವಾದದ್ದು 1809ರಲ್ಲಿ. ಇವತ್ತಿನ ವೆಸ್ಟ್ ಎಂಡ್ 1887ರಲ್ಲಿ ಬ್ರಾನ್ಸನ್ ಅನ್ನೋ ಹೆಣ್ಣುಮಗಳು ನಡೆಸಿದ ಬೋರ್ಡಿಂಗ್ ಮನೆ. ಆ ಲೋಕದ ಮೇಜು ಬಿಳಿಯರದ್ದು. ಅಡುಗೆಮನೆ ಯಾರದ್ದು? ದೊರೆಗಳ ಬಂಗಲೆಗಳಲ್ಲಿ ದನದ ಮಾಂಸ ಕೊಯ್ಯೋಕೆ, ಎಂಜಲು ತಟ್ಟೆ ಎತ್ತೋಕೆ ಮೇಲ್ಜಾತಿಯವರು ಬರುತ್ತಿರಲಿಲ್ಲ. ಅಲ್ಲಿ ಬಟ್ಲರ್ ಆದವರಲ್ಲಿ, ಕುಕ್ ಆದವರಲ್ಲಿ ತಮಿಳು ಕಡೆಯಿಂದ ಬಂದ ನಮ್ಮೋರು ಬಹಳ ಜನ. ಅದು ಗೌರವ ಅಂತ ನಾನು ಹೇಳ್ತಿಲ್ಲ, ಅಲ್ಲೂ ನಾವು ಆಳುಗಳೇ. ಆದರೆ ಒಂದು ವ್ಯತ್ಯಾಸ ನೋಡಿ. ಒಂದು ಕಡೆ ನಮ್ಮ ಕೈಯಡುಗೆ ಉಣ್ಣುತ್ತಿದ್ದರು, ಮೇಜಿಗೆ ಕರೆಯುತ್ತಿರಲಿಲ್ಲ. ಇನ್ನೊಂದು ಕಡೆ ಮೇಜೂ ಇಲ್ಲ, ಒಲೆಯೂ ಇಲ್ಲ.

ಈ ಬಾಗಿಲುಗಳು ತಾವಾಗೇ ತೆರೆದವು ಅಂದುಕೊಳ್ಳಬೇಡಿ. ಕೊಲಂಬಿಯಾದಲ್ಲಿ ಓದಿ ಬಂದ ಬಾಬಾಸಾಹೇಬರಿಗೆ 1917ರಲ್ಲಿ ಬರೋಡದಲ್ಲಿ ತಂಗೋಕೆ ಒಂದು ರೂಮು ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿ ಒಂದು ಪಾರ್ಸಿ ಛತ್ರದಲ್ಲಿದ್ದರು. 11ನೇ ದಿನ ದೊಣ್ಣೆ ಹಿಡಿದು ಬಂದ ಗುಂಪು ಅವರನ್ನ ಹೊರಗೆ ಹಾಕಿತು. ಗೆಳೆಯರ ಮನೆಯೂ ಸಿಗದೆ ಪಾರ್ಕಿನಲ್ಲಿ ಕೂತು, ರಾತ್ರಿ ರೈಲು ಹಿಡಿದು ಬಾಂಬೆಗೆ ವಾಪಸಾದರು.

ಅದೇ ಮನುಷ್ಯ ಕರಡು ಸಮಿತಿಯ ಅಧ್ಯಕ್ಷರಾಗಿ ಕೊಟ್ಟ ಸಂವಿಧಾನದ 15ನೇ ವಿಧಿ ತೆಗೆದು ಓದಿ. ಅಂಗಡಿ, ರೆಸ್ಟೋರೆಂಟ್, ಹೋಟೆಲು ಅಂತ ಹೆಸರು ಹಿಡಿದು ಬರೆದಿದೆ. 'ಸಮಾನತೆ' ಅನ್ನೋ ದೊಡ್ಡ ಪದ ಒಂದೇ ಸಾಲದಾ? ಸಾಲದು. ತಡೆಯೋದು ಬಾಗಿಲಲ್ಲಿ, ಹಾಗಾಗಿ ಬಾಗಿಲಿನ ಹೆಸರನ್ನೇ ಬರೀಬೇಕು. ಸಂವಿಧಾನ ಸಭೆಯ ಚರ್ಚೆಯಲ್ಲಿ ಅಂಬೇಡ್ಕರ್ ಇನ್ನೊಂದು ಮಾತು ಬಿಡಿಸಿ ಹೇಳಿದರು: ಇಲ್ಲಿ ಅಂಗಡಿ ಅಂದರೆ ಒಳಗೆ ಕಾಲಿಡೋದು ಮಾತ್ರ ಅಲ್ಲ, ಅಲ್ಲಿ ಕೊಡುವ ಸೇವೆ ಪಡೆಯೋದೂ ಸೇರಿದೆ.

1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಇನ್ನೂ ಕೆಳಗಿಳಿದು, ಹೋಟೆಲಿನ ಪಾತ್ರೆ ಬಳಸೋದನ್ನ ತಡೆದರೂ ಅಪರಾಧ ಅಂತು. ಅಂದರೆ ಅಪ್ಪನ ಕೈಗೆ ಚಿಪ್ಪು ಕೊಟ್ಟವರು ಅಪರಾಧಿಗಳು. 1976ರಲ್ಲಿ ಅದೇ ಕಾನೂನು ಬಿಗಿಯಾಗಿ, ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಆಯಿತು. ಆದರೆ ಕಾಗದ ತಾನಾಗಿ ನಡೆದು ಹಳ್ಳಿಗೆ ಬರಲ್ಲ. ಬಿ. ಕೃಷ್ಣಪ್ಪನವರ ಕಾಲದ ದಲಿತ ಸಂಘರ್ಷ ಸಮಿತಿಯ ಹುಡುಗರು ಏಟು ತಿಂದು, ಕೇಸು ಹಾಕಿಸಿಕೊಂಡು ಅದನ್ನ ಊರಿಗೆ ತಂದರು.

ಹಾಗಾದರೆ ಎಲ್ಲ ಮುಗೀತಾ? ಊಟದ ಹಾಲಿನ ಬಾಗಿಲು ತೆರೆದಿದೆ, ಒಲೆಯ ಬಾಗಿಲು ಇನ್ನೂ ಅರ್ಧ ಮುಚ್ಚಿದೆ. ಅಡುಗೆ ಮಾಡುವಾಕೆ ದಲಿತಳು ಅಂತ ಶಾಲೆಯ ಬಿಸಿಯೂಟ ಬಿಟ್ಟ ಸುದ್ದಿ ನಾವೆಲ್ಲ ಓದಿದ್ದೀವಿ. ಸೊಪ್ಪು ತಿನ್ನೋದಕ್ಕೆ ನನ್ನ ವಿರೋಧ ಇಲ್ಲ, ನಮ್ಮವ್ವನ ಬಸ್ಸಾರಿನ ಮುಂದೆ ಯಾವ ರೆಸ್ಟೋರೆಂಟೂ ಇಲ್ಲ. ಆದರೆ 'ಶುದ್ಧ' ಅಂತ ಮಾರುವಾಗ, ಅಶುದ್ಧ ಯಾರು ಅಂತಲೂ ಕೇಳಬೇಕಲ್ವಾ?

ಇಷ್ಟು ಕೇಳಿ ಮಗಳು "ತಾತ, ನೀನೇ ಹೇಳು" ಅಂದಳು. ಅಪ್ಪ ಜಾಸ್ತಿ ಯೋಚನೆ ಮಾಡಲಿಲ್ಲ. "ನಮ್ಮೋರು ಬೇಯಿಸಿ ಹಾಕಿದ ಕಡೀಕೇ ಹೋಗನ. ಈ ಸಲ ಕೂತ್ಕಂಡು ಉಂಡು ಬರನ."

ಹೋದೆವು. ಬಾಗಿಲು ತೆರೆದವನು ಸಲಾಂ ಹೊಡೆದ, ಅಪ್ಪನೂ ತಿರುಗಿ ಕೈ ಮುಗಿದ. ಅವ್ವ ಮೀನು ತಿಂದಳು, ಅಪ್ಪ ಮಟನ್. ಫೋರ್ಕು ಪಕ್ಕಕ್ಕಿಟ್ಟು ಕೈಯಲ್ಲೇ ತಿಂದರು, ಯಾರೂ ಏನೂ ಅನ್ನಲಿಲ್ಲ. ಕೊನೆಗೆ ಅಪ್ಪ ಬಡಿಸುವ ಹುಡುಗನನ್ನ ಕರೆದು "ಅಡುಗೆ ಮಾಡಿದ್ದು ಯಾರಪ್ಪ?" ಅಂದರು. ನನ್ನ ಎದೆ ಒಂದು ಸಲ ಝಲ್ ಅಂತು. ಈ ಪ್ರಶ್ನೆಯನ್ನ ನಮ್ಮ ವಿರುದ್ಧ ಎಷ್ಟು ಸಲ ಕೇಳಿದ್ದಾರೆ! ಒಳಗಿಂದ ಟೋಪಿ ಹಾಕಿದ ಹುಡುಗ ಹೆದರಿಕೊಂಡೇ ಬಂದ. ಅಪ್ಪ ಅವನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. "ಉಪ್ಪು ಖಾರ ಹದವಾಗದೆ ಕಣಪ್ಪ" ಅಂದು ಬೆನ್ನು ತಟ್ಟಿದರು.

ನಿಮ್ಮ ಮನೆಯ ಹಿರಿಯರನ್ನೂ ಇವತ್ತೇ ಕೇಳಿ: ಮೊದಲ ಸಲ ಹೋಟೆಲಿನ ಒಳಗೆ ಕೂತು ಲೋಟದಲ್ಲಿ ಟೀ ಕುಡಿದದ್ದು ಯಾವ ವರ್ಷ, ಯಾವ ಊರಲ್ಲಿ? ಬರೆದಿಡಿ. ನಾವು ಬರೀದಿದ್ದರೆ ಈ ಚರಿತ್ರೆ ಯಾರೂ ಬರೆಯಲ್ಲ.

ಜೈಭೀಮ್.