ಪತ್ತೆಗೆ ಹಣವಿದೆ, ಪಾಲನೆಗೆ ಇಲ್ಲ: ಅಂಗವೈಕಲ್ಯವಿರುವ ಶಿಶುಗಳ ಶೀಘ್ರ ಮಧ್ಯಸ್ಥಿಕೆ ಸೇವೆ ಮತ್ತು ಸರ್ಕಾರಿ ಅನುದಾನ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ಸಂಚಾರಿ ತಂಡ ಅಂಗನವಾಡಿಗೆ ತರಬೇಕಾದ ಸಾಮಗ್ರಿಗಳ ಪಟ್ಟಿ ಚಿಕ್ಕದು: ಒಂದು ಗಂಟೆ, ಒಂದು ಗಿಲಕಿ, ಟಾರ್ಚು, ಒಂದಂಗುಲದ ಘನಗಳು, ಒಣದ್ರಾಕ್ಷಿ ಹಾಕಿದ ಪುಟ್ಟ ಸೀಸೆ, ಬಣ್ಣದ ಉಲ್ಲನ್. ಗಂಟೆಯ ಸದ್ದಿಗೆ ಮಗು ತಿರುಗುತ್ತದೆಯೇ, ಉಲ್ಲನ್ ಉಂಡೆ ಸರಿದತ್ತ ಕಣ್ಣು ಸರಿಯುತ್ತದೆಯೇ, ದ್ರಾಕ್ಷಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿಯುತ್ತದೆಯೇ ಎಂದು ನೋಡಿ ಬರೆದುಕೊಳ್ಳುವುದು ಕೆಲವೇ ನಿಮಿಷಗಳ ಕೆಲಸ. ಆದರೆ ದ್ರಾಕ್ಷಿ ಹಿಡಿಯಲಾರದ ಮಗುವಿಗೆ ಹಿಡಿಯಲು ಕಲಿಸುವುದಕ್ಕೆ ತಿಂಗಳುಗಳು, ಎಷ್ಟೋ ಸಲ ವರ್ಷಗಳು ಬೇಕು. ನಮ್ಮ ಅನುದಾನದ ವ್ಯವಸ್ಥೆ ಮೊದಲ ಕೆಲಸಕ್ಕೆ ತಕ್ಕಂತೆ ರೂಪುಗೊಂಡಿದೆ, ಎರಡನೆಯದಕ್ಕೆ ಒಗ್ಗಿಲ್ಲ ಎಂಬುದು ಈ ಲೇಖನದ ವಾದ.

2013ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಆರಂಭಗೊಂಡ ಆರ್‌ಬಿಎಸ್‌ಕೆ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಜನ್ಮದೋಷ, ಕಾಯಿಲೆ, ಪೋಷಕಾಂಶದ ಕೊರತೆ ಹಾಗೂ ಬೆಳವಣಿಗೆಯ ವಿಳಂಬಗಳನ್ನು ಹುಡುಕುವ ಕಾರ್ಯಕ್ರಮ. ಅಂಗನವಾಡಿ ಮಕ್ಕಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗಳಲ್ಲಿ ವರ್ಷಕ್ಕೆ ಒಮ್ಮೆ ತಪಾಸಣೆ ನಡೆಯಬೇಕು. ಪ್ರತಿ ಸಂಚಾರಿ ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ಶುಶ್ರೂಷಕಿ, ಒಬ್ಬ ಔಷಧ ವಿತರಕರು. ತಂಡ ಗುರುತಿಸಿದ ಮಗು ಹೋಗಬೇಕಾದದ್ದು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ಡಿಇಐಸಿಗೆ. ಅಲ್ಲಿ ಮಕ್ಕಳ ತಜ್ಞ, ಫಿಸಿಯೋಥೆರಪಿಸ್ಟ್, ವಾಕ್ ಮತ್ತು ಶ್ರವಣ ತಜ್ಞ, ಮನಶ್ಶಾಸ್ತ್ರಜ್ಞ, ದೃಷ್ಟಿ ಪರೀಕ್ಷಕ, ವಿಶೇಷ ಶಿಕ್ಷಕ, ಸಮಾಜ ಕಾರ್ಯಕರ್ತರೆಲ್ಲ ಒಂದೇ ಸೂರಿನಡಿ ಸಿಗಬೇಕೆಂಬುದು ಮಾರ್ಗಸೂಚಿಯ ಆಶಯ. ಇದಕ್ಕೆ ಹಣ ಬರುವುದು ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ. 2015–16ರಿಂದ ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರ ಮತ್ತು ರಾಜ್ಯದ ಪಾಲು 60:40. ರಾಜ್ಯ ಸಲ್ಲಿಸುವ ಕಾರ್ಯಕ್ರಮ ಅನುಷ್ಠಾನ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟ ಮೇಲೆ ಹುದ್ದೆ, ಉಪಕರಣ, ವಾಹನ ಎಂದು ಬಾಬ್ತುವಾರು ಹಣ ಹರಿಯುತ್ತದೆ.

ಈ ಕಾರ್ಯಕ್ರಮವನ್ನು ಹಗುರವಾಗಿ ಕಾಣುವಂತಿಲ್ಲ. ಮಗುವಿನ ಬೆಳವಣಿಗೆಯ ವಿಳಂಬ ಸರ್ಕಾರದ ಆರೋಗ್ಯ ವ್ಯವಸ್ಥೆಯ ಹೊಣೆ ಎಂದು ದೇಶದ ಎಲ್ಲ ಜಿಲ್ಲೆಗಳಿಗೂ ಒಟ್ಟಿಗೆ ಹೇಳಿದ ಮೊದಲ ದೊಡ್ಡ ಹೆಜ್ಜೆ ಇದು. ತೊಡಕಿರುವುದು ಲೆಕ್ಕದಲ್ಲಿ.

2011ರ ಜನಗಣತಿಯಂತೆ ದೇಶದಲ್ಲಿ ಆರು ವರ್ಷದೊಳಗಿನ ಸುಮಾರು 20.42 ಲಕ್ಷ ಮಕ್ಕಳಿಗೆ ಅಂಗವೈಕಲ್ಯವಿತ್ತು. ಆ ವಯಸ್ಸಿನ ಒಟ್ಟು ಮಕ್ಕಳಲ್ಲಿ ಇದು ಶೇ. 1.24. ಕರ್ನಾಟಕದ ಜನಸಂಖ್ಯೆಯಲ್ಲಿ ಆರು ವರ್ಷದೊಳಗಿನವರು ಆಗ ಶೇ. 11.7ರಷ್ಟು. ಹದಿನೈದು ಲಕ್ಷ ಜನರಿರುವ ಒಂದು ಜಿಲ್ಲೆಯನ್ನು ಕಲ್ಪಿಸಿಕೊಂಡು ಈ ಎರಡು ಸರಾಸರಿಗಳನ್ನು ಅನ್ವಯಿಸಿದರೆ ಅಲ್ಲಿ ಸುಮಾರು 1.75 ಲಕ್ಷ ಪುಟ್ಟ ಮಕ್ಕಳು, ಅವರಲ್ಲಿ 2,170ರಷ್ಟು ಅಂಗವೈಕಲ್ಯವಿರುವವರು. ಇವರಲ್ಲಿ ಕಾಲು ಭಾಗಕ್ಕೆ ಮಾತ್ರ ಫಿಸಿಯೋಥೆರಪಿ ಬೇಕೆಂದುಕೊಳ್ಳೋಣ: 540 ಮಕ್ಕಳು. ಡಿಇಐಸಿಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ತಿಂಗಳಿಗೆ 25 ದಿನ, ದಿನಕ್ಕೆ ಹತ್ತು ಮಕ್ಕಳನ್ನು ನೋಡಿದರೂ ತಿಂಗಳಿಗೆ 250 ಸರದಿ. ವಾರಕ್ಕೆ ಎರಡು ಸರದಿಯ ಲೆಕ್ಕ ಹಿಡಿದರೆ ಇದು ಮೂವತ್ತೊಂದು ಮಕ್ಕಳಿಗೆ ಸಾಲುತ್ತದೆ. ಉಳಿದ ಐನೂರು ಮಕ್ಕಳ ಹೆಸರು ದಾಖಲೆಯಲ್ಲಿದೆ, ಚಿಕಿತ್ಸೆಯ ಸರದಿ ಇಲ್ಲ. ಇದು ಮಾದರಿ ಲೆಕ್ಕ ನಿಜ, ಆದರೆ ಉದಾರವಾಗಿ ಹಾಕಿದ ಲೆಕ್ಕ. ಜನಗಣತಿಯ ಅಂಕಿಯೇ ಕಡಿಮೆಯೆಂಬ ಶಂಕೆಗೆ ಬಲವಾದ ಕಾರಣಗಳಿವೆ. ಪಲ್ವಲ್, ಕಾಂಗ್ರಾ, ಢೇಂಕಾನಾಲ್, ಉತ್ತರ ಗೋವಾ ಮತ್ತು ಹೈದರಾಬಾದಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ, ಎರಡರಿಂದ ಒಂಬತ್ತು ವರ್ಷದ ಸುಮಾರು ಎಂಟು ಮಕ್ಕಳಲ್ಲಿ ಒಬ್ಬರಿಗೆ ನರ ಬೆಳವಣಿಗೆಗೆ ಸಂಬಂಧಿಸಿದ ಒಂದಾದರೂ ತೊಂದರೆಯನ್ನು ಕಂಡಿತು. ಅಲ್ಲಿ ಎಣಿಸಿದ ತೊಂದರೆಗಳೆಲ್ಲವೂ ಅಂಗವೈಕಲ್ಯದ ಪ್ರಮಾಣಪತ್ರ ಕೊಡುವಷ್ಟು ತೀವ್ರವಲ್ಲ, ಆದರೂ ಶೇ. 1.24ಕ್ಕೂ ಅದಕ್ಕೂ ಇರುವ ಅಂತರ ಕಣ್ಣಿಗೆ ಹೊಡೆಯುವಂಥದ್ದು.

ಗಡುವಿರುವ ಕೆಲಸ, ಗಡುವಿಲ್ಲದ ಕೆಲಸ

ಸರ್ಕಾರದ ಹಣ ಎಲ್ಲಿ ಚೆನ್ನಾಗಿ ದುಡಿಯುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ನಿದರ್ಶನವಿದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ದೃಷ್ಟಿಯನ್ನೇ ಕಸಿಯುವ ಕಾಯಿಲೆಯೊಂದಿದೆ. ವೈದ್ಯರ ಮಾತಿನಲ್ಲಿ ಆರ್‌ಒಪಿ. ಹುಟ್ಟಿದ ನಾಲ್ಕು ವಾರದೊಳಗೆ ಮೊದಲ ತಪಾಸಣೆ ಆಗಬೇಕು. ಚಿಕಿತ್ಸೆ ಬೇಕೆಂದು ಗೊತ್ತಾದರೆ ಎರಡು ಮೂರು ದಿನದಲ್ಲಿ ಲೇಸರ್ ಆಗಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ಅವರು ತೆಗೆದ ಚಿತ್ರವನ್ನು ತಜ್ಞರು ದೂರದಿಂದಲೇ ಓದಿ ಹೇಳುತ್ತಾರೆ. ಆರೋಗ್ಯ ಅಭಿಯಾನ ಬೇಗನೆ ಇದರ ಪಾಲುದಾರನಾಯಿತು. ತಜ್ಞರಿಲ್ಲದ ಊರಿನ ಮಗುವಿಗೆ ಕಣ್ಣು ಉಳಿಸಿಕೊಟ್ಟ ಈ ಏರ್ಪಾಟು ಸರ್ಕಾರಿ ಮತ್ತು ಖಾಸಗಿ ಸಹಭಾಗಿತ್ವದ ಹೆಮ್ಮೆಯ ಅಧ್ಯಾಯ.

ಇಂಥ ಕೆಲಸಕ್ಕೆ ಆದಿ ಅಂತ್ಯಗಳಿವೆ: ಎಷ್ಟು ಶಿಶುಗಳನ್ನು ನೋಡಲಾಯಿತು, ಎಷ್ಟಕ್ಕೆ ಲೇಸರ್ ಆಯಿತು ಎಂದು ಪತ್ರದಲ್ಲಿ ಬರೆಯಬಹುದು, ಬಿಲ್ಲು ಮಾಡಬಹುದು. ಸೀಳುತುಟಿ ಮತ್ತು ಹುಟ್ಟು ಹೃದ್ರೋಗದ ಶಸ್ತ್ರಚಿಕಿತ್ಸೆಯೂ ಹಾಗೆಯೇ. ಮಿದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ) ಇರುವ ಎರಡು ವರ್ಷದ ಮಗುವಿನದು ಬೇರೆಯೇ ಕಥೆ. ತಾಯಿ ದಿನಕ್ಕೆ ಹಲವು ಬಾರಿ ಮಗುವಿನ ತೊಡೆಯ ಹಿಂಬದಿಯ ಸ್ನಾಯುಗಳನ್ನು ಮೆಲ್ಲಗೆ ನೀಡಿ ಹಿಡಿಯಬೇಕು, ಬೆನ್ನಿಗೆ ಒತ್ತು ಕೊಟ್ಟು ಮೂಲೆ ಕುರ್ಚಿಯಲ್ಲಿ ಕೂರಿಸಬೇಕು, ತುತ್ತು ನುಂಗುವಾಗ ಗದ್ದಕ್ಕೆ ಆಸರೆ ಕೊಡಬೇಕು. ಇದನ್ನು ಸರಿಯಾಗಿ ಮಾಡುತ್ತಿದ್ದಾಳೆಯೇ ಎಂದು ತಿಳಿದವರು ಆಗಾಗ ನೋಡಿ ತಿದ್ದಬೇಕು. ಮೂರು ತಿಂಗಳು ತಪ್ಪಿದರೆ ಸ್ನಾಯು ಬಿಗಿಯುತ್ತದೆ, ಗಳಿಸಿದ್ದು ಜಾರುತ್ತದೆ. ಈ ದುಡಿಮೆಯ ಅಳತೆ ನಮ್ಮ ಯಾವ ವರದಿ ನಮೂನೆಯಲ್ಲೂ ಸುಲಭವಾಗಿ ಕೂರುವುದಿಲ್ಲ. ತಪಾಸಣೆಯಾದವರ ಸಂಖ್ಯೆ, ಕಳುಹಿಸಿದವರ ಸಂಖ್ಯೆ ಮೇಲಕ್ಕೆ ಹೋಗುತ್ತವೆ. ಅದೇ ಮಗು ಮತ್ತೆ ಬಂತೇ, ಎಷ್ಟು ಬಾರಿ ಬಂತು ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ.

ಮತ್ತೆ ಬರುವುದಾದರೂ ಹೇಗೆ? ಪಾವಗಡದಿಂದ ತುಮಕೂರಿಗೆ ನೂರು ಕಿ.ಮೀ. ಆಸುಪಾಸು, ಅಥಣಿಯಿಂದ ಬೆಳಗಾವಿಗೆ ಇನ್ನೂ ದೂರ. ಜಿಲ್ಲೆಗೊಂದೇ ಕೇಂದ್ರವೆಂಬ ಸೂತ್ರ ಕೊಡಗಿಗೂ ಬೆಳಗಾವಿಗೂ ಒಂದೇ. 2023ರ ಜೂನ್ 11ರಂದು ಜಾರಿಗೆ ಬಂದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ, ಅಂಗವೈಕಲ್ಯ ನೀತಿಯ ಭಾಗವಲ್ಲದಿದ್ದರೂ, ಈ ತಾಯಂದಿರ ಬಸ್ ಖರ್ಚನ್ನು ಇಳಿಸಿತು. ಆರು ವರ್ಷದೊಳಗಿನ ಮಗುವಿಗೆ ಟಿಕೆಟ್ಟೂ ಇಲ್ಲ. ನನ್ನ ಅಭಿಪ್ರಾಯದಲ್ಲಿ ಶೀಘ್ರ ಮಧ್ಯಸ್ಥಿಕೆಗೆ ರಾಜ್ಯ ಕೊಟ್ಟಿರುವ ಅತಿ ಉಪಯುಕ್ತ ನೆರವುಗಳಲ್ಲಿ ಇದೂ ಒಂದು. ಕೂಲಿ ತಪ್ಪಿದ ದಿನದ ನಷ್ಟ ಮಾತ್ರ ತಾಯಿಯ ತಲೆಯ ಮೇಲೇ ಉಳಿದಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ಆರೈಕೆದಾರರ ಭತ್ಯೆಯನ್ನು ಹೆಸರಿಸುತ್ತದೆಯಾದರೂ ಅದು ಹೆಚ್ಚಿನ ಆಸರೆ ಬೇಕಾದವರಿಗೆ ಸೀಮಿತ.

ಆರು ವರ್ಷದ ಗೆರೆ

ಕೊರತೆಗೆ ಆಡಳಿತದ ಅಸಡ್ಡೆಯೊಂದೇ ಕಾರಣವೆಂದರೆ ಅನ್ಯಾಯವಾಗುತ್ತದೆ. ಬೇರು ಕಾನೂನಿನಲ್ಲಿದೆ. ಸಂವಿಧಾನದ ಮೂಲ 45ನೇ ವಿಧಿ ಹದಿನಾಲ್ಕು ತುಂಬುವವರೆಗೆ ಎಲ್ಲ ಮಕ್ಕಳಿಗೆ ಉಚಿತ ಶಿಕ್ಷಣವೆಂದಿತ್ತು. ಕೆಳಗಿನ ವಯೋಮಿತಿ ಹಾಕಿರಲಿಲ್ಲ. ಕರ್ನಾಟಕದ ಕ್ಯಾಪಿಟೇಷನ್ ಶುಲ್ಕದ ತಕರಾರಿನಿಂದ ಹುಟ್ಟಿದ 1992ರ ಮೋಹಿನಿ ಜೈನ್ ತೀರ್ಪು ಶಿಕ್ಷಣವನ್ನು ಹಕ್ಕೆಂದು ಕರೆಯಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಆ ಹಕ್ಕನ್ನು ಹದಿನಾಲ್ಕು ವರ್ಷದವರೆಗೆ ಎಂದು ಮಿತಿಗೊಳಿಸಿತು. 2002ರ 86ನೇ ತಿದ್ದುಪಡಿ ಬಂದಾಗ ಆರರಿಂದ ಹದಿನಾಲ್ಕರ ಮಕ್ಕಳಿಗೆ 21ಎ ವಿಧಿಯ ಮೂಲಭೂತ ಹಕ್ಕು ಸಿಕ್ಕಿತು; ಆರರೊಳಗಿನವರು ರಾಜ್ಯನೀತಿಯ ನಿರ್ದೇಶಕ ತತ್ವಗಳಲ್ಲೇ ಉಳಿದರು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇದೇ ಗೆರೆಯನ್ನು ಮತ್ತೆ ಎಳೆಯಿತು. ಅದರ 31ನೇ ಸೆಕ್ಷನ್ ಉಚಿತ ಶಿಕ್ಷಣ ಕೊಡುವುದು ಆರರಿಂದ ಹದಿನೆಂಟರವರೆಗೆ. 25ನೇ ಸೆಕ್ಷನ್ ವರ್ಷಕ್ಕೊಮ್ಮೆಯಾದರೂ ಎಲ್ಲ ಮಕ್ಕಳ ತಪಾಸಣೆಗೆ ಕ್ರಮ ಕೈಗೊಳ್ಳಬೇಕೆನ್ನುತ್ತದೆ. ಪುನರ್ವಸತಿಯ ಮಾತು ಬರುವ 27ನೇ ಸೆಕ್ಷನ್‌ನಲ್ಲಿ ಮಾತ್ರ ಸರ್ಕಾರದ ಆರ್ಥಿಕ ಸಾಮರ್ಥ್ಯ ಮತ್ತು ಅಭಿವೃದ್ಧಿಯ ಮಿತಿಯೊಳಗೆ ಎಂಬ ಷರತ್ತಿದೆ. ಪತ್ತೆಯ ಕರ್ತವ್ಯಕ್ಕೆ ಹಾಕದ ಷರತ್ತನ್ನು ನಂತರದ ಸೇವೆಗೆ ಕಾನೂನೇ ಹಾಕಿದ ಮೇಲೆ ಆಯವ್ಯಯವೂ ಅದೇ ದಾರಿ ಹಿಡಿದದ್ದರಲ್ಲಿ ಅಚ್ಚರಿಯಿಲ್ಲ. 2007ರಲ್ಲಿ ಭಾರತ ಅನುಮೋದಿಸಿದ, ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆ, ಲಭ್ಯ ಸಂಪನ್ಮೂಲವನ್ನು ಗರಿಷ್ಠ ಮಟ್ಟದಲ್ಲಿ ತೊಡಗಿಸಬೇಕೆಂದು ಹೇಳುತ್ತದೆ. ಪುನರ್ವಸತಿ ಸಾಧ್ಯವಾದಷ್ಟು ಎಳೆಯ ಹಂತದಲ್ಲಿ ಶುರುವಾಗಬೇಕೆಂದೂ ಹೇಳುತ್ತದೆ. ನಮ್ಮ ಕಾಯ್ದೆ ಅಷ್ಟು ದೂರ ಬಂದಿಲ್ಲ.

ಪ್ರಮಾಣಪತ್ರದ ಪ್ರಶ್ನೆ ಇದಕ್ಕೆ ಸೇರಿಕೊಂಡಿದೆ. ಬಹುತೇಕ ಸವಲತ್ತುಗಳಿಗೆ ಶೇ. 40ರ ಅಂಗವೈಕಲ್ಯದ ಮಾನದಂಡ, ಯುಡಿಐಡಿ (ಅಂಗವೈಕಲ್ಯದ ವಿಶಿಷ್ಟ ಗುರುತಿನ) ಕಾರ್ಡು ಬೇಕು. ಬೌದ್ಧಿಕ ಅಂಗವೈಕಲ್ಯದ ಮಾರ್ಗಸೂಚಿಯಂತೆ ಒಂದು ವರ್ಷ ತುಂಬುವ ಮೊದಲು ಪ್ರಮಾಣಪತ್ರವೇ ಇಲ್ಲ. ಐದು ವರ್ಷದವರೆಗೆ ಸಮಗ್ರ ಬೆಳವಣಿಗೆಯ ವಿಳಂಬವೆಂದಷ್ಟೇ ಬರೆಯಬೇಕು. ವೈದ್ಯಕೀಯವಾಗಿ ಇದು ಸರಿಯಾದ ಎಚ್ಚರ, ಏಕೆಂದರೆ ಎಳೆಯ ಮಗುವಿನ ಬುದ್ಧಿಮಟ್ಟವನ್ನು ಅಂಕಿಯಲ್ಲಿ ಕಟ್ಟಿಹಾಕಬಾರದು. ಆದರೆ ಖಚಿತ ಕಾಗದ ಕೇಳುವ ಹಣ ಖಚಿತತೆ ಸಾಧ್ಯವಿಲ್ಲದ ವಯಸ್ಸಿನ ಮಗುವನ್ನು ತಲುಪುವುದು ಕಷ್ಟ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಒಂದು ಲಕ್ಷ ರೂಪಾಯಿಯವರೆಗೆ, ಥೆರಪಿಯ ಖರ್ಚನ್ನೂ ಒಳಗೊಂಡು, ನೆರವು ಕೊಡುತ್ತದೆ. ಅದರ ಬಾಗಿಲಿನಲ್ಲೂ ಪ್ರಮಾಣಪತ್ರವೇ ಮೊದಲ ದಾಖಲೆ.

ಅಮೆರಿಕ ತನ್ನ ಅಂಗವಿಕಲರ ಶಿಕ್ಷಣ ಕಾಯ್ದೆಗೆ 1986ರಲ್ಲಿ ತಂದ ತಿದ್ದುಪಡಿಯಲ್ಲಿ ಈ ಗಂಟನ್ನು ಬೇರೆ ರೀತಿ ಬಿಡಿಸಿತು. ಮೂರು ವರ್ಷದೊಳಗಿನ ಮಗುವಿಗೆ ಬೆಳವಣಿಗೆಯ ವಿಳಂಬವಿದ್ದರೆ ಸಾಕು, ಅರ್ಹತೆ ಬರುತ್ತದೆ. ಮಗುವಿನ ಹೆಸರು ಬಂದ 45 ದಿನದೊಳಗೆ ಮೌಲ್ಯಮಾಪನ ಮುಗಿದು ಕುಟುಂಬದೊಡನೆ ಕುಳಿತು ಲಿಖಿತ ಸೇವಾ ಯೋಜನೆ ಸಿದ್ಧಪಡಿಸಬೇಕು. ಒಕ್ಕೂಟ ಸರ್ಕಾರದ ಅನುದಾನ ರಾಜ್ಯದ ಶಿಶುಗಳ ಸಂಖ್ಯೆಗೆ ತಕ್ಕಂತೆ ಹಂಚಿಕೆಯಾಗುತ್ತದೆ. ಅಲ್ಲಿಯೂ ಎಲ್ಲ ಸರಿಯಿಲ್ಲ: ಆ ಅನುದಾನ ಉಳಿದೆಲ್ಲ ಮೂಲಗಳು ಮುಗಿದ ಮೇಲೆ ಬಳಸಬೇಕಾದ ಕೊನೆಯ ಹಣ, ಕೆಲವು ರಾಜ್ಯಗಳು ಕುಟುಂಬದಿಂದ ಶುಲ್ಕವನ್ನೂ ವಸೂಲು ಮಾಡುತ್ತವೆ. ನಾವು ಕಲಿಯಬೇಕಾದದ್ದು ಆ 45 ದಿನದ ಗಡುವನ್ನು. ಗಡುವಿದ್ದರೆ ತಂದೆತಾಯಿ ಪ್ರಶ್ನಿಸಬಹುದು.

ಹೂಡಿಕೆಯ ವಾದದ ಮಿತಿ

ಇಂಥ ಸೇವೆಗೆ ಹಣ ಕೇಳುವವರು ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಅವರ ಹೆಸರು ಹೇಳುವುದು ರೂಢಿ: ಶೈಶವದಲ್ಲಿ ತೊಡಗಿಸಿದ ಹಣ ಮುಂದೆ ಹಲವು ಪಟ್ಟು ಮರಳುತ್ತದೆ ಎಂದು. ಅವರು ವಿಶ್ಲೇಷಿಸಿದ, 1960ರ ದಶಕದಲ್ಲಿ ಮಿಷಿಗನ್‌ನ ಇಪ್ಸಿಲಾಂಟಿಯಲ್ಲಿ ನಡೆದ ಪೆರ್ರಿ ಪ್ರಯೋಗದ ಮಕ್ಕಳು ಬಡ ಕಪ್ಪು ಕುಟುಂಬಗಳವರು. ಸೆರೆಬ್ರಲ್ ಪಾಲ್ಸಿಯಂಥ ದೈಹಿಕ ಮೂಲದ ತೊಂದರೆಯವರ ಅಧ್ಯಯನವಲ್ಲ ಅದು. ಆ ಲಾಭದ ಲೆಕ್ಕವನ್ನು ಇಲ್ಲಿಗೆ ತಂದು ಅಂಟಿಸುವುದು ಸಂಶೋಧನೆಯ ದೃಷ್ಟಿಯಿಂದ ದುರ್ಬಲ, ನೈತಿಕವಾಗಿ ಅಪಾಯಕರ. ತೀವ್ರ ಬಹುವಿಧ ಅಂಗವೈಕಲ್ಯವಿರುವ ಮಗು ಮುಂದೆ ಒಂದು ರೂಪಾಯಿಯನ್ನೂ ಗಳಿಸದಿರಬಹುದು. ಅದು ನೋವಿಲ್ಲದೆ ಕೂರುವಂತಾಗುವುದು, ತನಗೆ ಹಸಿವೆಂದು ಸನ್ನೆಯಲ್ಲಿ ಹೇಳುವಂತಾಗುವುದು ಸಾರ್ವಜನಿಕ ಹಣಕ್ಕೆ ಸಾಕಾದ ಸಮರ್ಥನೆ.

ಕಡಿಮೆ ಖರ್ಚಿನ ದಾರಿಗಳು ಇಲ್ಲವೆಂದಲ್ಲ. ಗೋವಾ ಮತ್ತು ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳ ಕುಟುಂಬಗಳೊಡನೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರೇ ತಂದೆತಾಯಿಗೆ ಮಾರ್ಗದರ್ಶನ ಮಾಡಿದರು. ಪೋಷಕರು ಮಗುವಿಗೆ ಸ್ಪಂದಿಸುವ ರೀತಿ ಸುಧಾರಿಸಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (ಆಯಿಷ್) ಅಕ್ಕಿಹೆಬ್ಬಾಳು, ಹುಲ್ಲಹಳ್ಳಿ, ಗುಂಬಳ್ಳಿಯಂಥ ಊರುಗಳಲ್ಲಿ ಸೇವಾ ಕೇಂದ್ರ ನಡೆಸಿ ತಜ್ಞತೆಯನ್ನು ಹಳ್ಳಿಯ ಬಳಿಗೆ ಒಯ್ದಿದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರಲ್ಲಿ ಹೆಚ್ಚಿನವರು ಸ್ವತಃ ಅಂಗವೈಕಲ್ಯವಿರುವವರು. ಪಿಂಚಣಿ ಅರ್ಜಿ, ಕಾರ್ಡು, ಸಮೀಕ್ಷೆಗಳಲ್ಲೇ ಅವರ ಹೊತ್ತು ಕಳೆಯದಂತೆ ನೋಡಿಕೊಂಡು, ಡಿಇಐಸಿಯ ತಜ್ಞರ ಮೇಲ್ವಿಚಾರಣೆಯಲ್ಲಿ ಮನೆ ಭೇಟಿಯ ತರಬೇತಿ ಮತ್ತು ಅದಕ್ಕೆ ಪ್ರತ್ಯೇಕ ಸಂಭಾವನೆ ಕೊಟ್ಟರೆ ವಾರಕ್ಕೆರಡು ಸರದಿಯ ಲೆಕ್ಕ ಬದಲಾಗುತ್ತದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಪ್ರಕಟಿಸಿದ ಅಂಗನವಾಡಿ ದಿವ್ಯಾಂಗ ಮಕ್ಕಳ ಕಾರ್ಯವಿಧಾನವೂ ಇದೇ ದಿಕ್ಕಿನದು. ಅಂಗನವಾಡಿ ಕಾರ್ಯಕರ್ತೆಯ ಹೆಗಲಿಗೆ ಸಂಭಾವನೆಯಿಲ್ಲದ ಮತ್ತೊಂದು ಹೊರೆಯಾಗಿ ಅದು ಇಳಿಯಬಾರದು.

ಈ ಸೇವೆಯ ಹಣ ಇಂದು ಆರೋಗ್ಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಶಿಕ್ಷಣ, ವಿಕಲಚೇತನರ ಸಬಲೀಕರಣ ಎಂಬ ನಾಲ್ಕು ಇಲಾಖೆಗಳಲ್ಲಿ ಚೆದುರಿದೆ. ಒಂದು ಮಗುವಿಗೆ ಒಟ್ಟು ಎಷ್ಟು ಸಂದಿತು ಎಂದು ಕೇಳಿದರೆ ಉತ್ತರಿಸುವ ಹೊಣೆ ಯಾವ ಇಲಾಖೆಯದೂ ಅಲ್ಲ. ಕರ್ನಾಟಕ 2020–21ರಿಂದ ಮಕ್ಕಳ ಆಯವ್ಯಯವನ್ನು ಪ್ರತ್ಯೇಕ ದಸ್ತಾವೇಜಾಗಿ ಮಂಡಿಸುತ್ತಿದೆ. ಆರು ವರ್ಷದೊಳಗಿನ ಅಂಗವೈಕಲ್ಯವಿರುವ ಮಕ್ಕಳಿಗೆ ಈ ನಾಲ್ಕು ಇಲಾಖೆಗಳು ಮಾಡಿದ ವೆಚ್ಚ, ಜಿಲ್ಲಾವಾರು ಭರ್ತಿಯಾದ ಥೆರಪಿಸ್ಟ್ ಹುದ್ದೆಗಳು, ಪ್ರತಿ ಮಗುವಿಗೆ ಸಿಕ್ಕ ಸರದಿಗಳ ಸಂಖ್ಯೆ ಇವನ್ನು ಒಂದೇ ಕೋಷ್ಟಕದಲ್ಲಿ ಆ ದಸ್ತಾವೇಜಿಗೆ ಸೇರಿಸಬೇಕೆಂದು ಹಣಕಾಸು ಇಲಾಖೆಯನ್ನು ಶಾಸಕರು, ಪೋಷಕರ ಸಂಘಗಳು, ಸಂಶೋಧಕರು ಒಟ್ಟಾಗಿ ಕೇಳಬೇಕು.