ಕೋಲಿನಿಂದ ಯಂತ್ರಕ್ಕೆ: ಕ್ಯಾಲಿಫೋರ್ನಿಯಾದ ಬಾದಾಮಿ ಕೊಯ್ಲು

ಜಗತ್ತಿನ ಬಾದಾಮಿಯಲ್ಲಿ ಮುಕ್ಕಾಲು ಪಾಲು ಬೆಳೆಯುವುದು ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ. ನಮ್ಮ ಅಂಗಡಿಗಳಿಗೂ ಬಹುಪಾಲು ಅಲ್ಲಿಂದಲೇ ಬರುತ್ತದೆ. 20ನೇ ಶತಮಾನದ ಮೊದಲರ್ಧದಲ್ಲಿ ಅಲ್ಲಿ ಕೊಯ್ಲೆಂದರೆ ರಟ್ಟೆಯ ಕೆಲಸ. ಮರದಡಿ ಕ್ಯಾನ್ವಾಸ್ ಹಾಸಿ, ಉದ್ದನೆಯ ಕೋಲಿನಿಂದ ಕೊಂಬೆ ಬಡಿಯುತ್ತಿದ್ದರು. ದಪ್ಪ ಕೊಂಬೆಗೆ ರಬ್ಬರ್ ತಲೆಯ ಕೊಡತಿಯ ಏಟು. ಕಾಯಿ ತುಂಬಿದ ಹಾಸನ್ನು ಮರದಿಂದ ಮರಕ್ಕೆ ಎಳೆಯುವುದಂತೂ ಬೆನ್ನು ಮುರಿಯುವ ದುಡಿಮೆ.

ಶತಮಾನದ ಉತ್ತರಾರ್ಧದಲ್ಲಿ ಮರ ಅಲುಗಿಸುವ ಯಂತ್ರಗಳು ತೋಟಕ್ಕಿಳಿದವು.

ಈಗ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅವುಗಳದೇ ಸದ್ದು. ರಬ್ಬರ್ ಮೆತ್ತೆಯ ಹಿಡಿಕೆಗಳು ಕಾಂಡವನ್ನು ಬಿಗಿಯಾಗಿ ಹಿಡಿದು ಕೆಲವೇ ಸೆಕೆಂಡು ನಡುಗಿಸುತ್ತವೆ. ಸಿಪ್ಪೆ ಬಿರಿದ ಕಾಯಿಗಳು ದಬದಬನೆ ಉದುರುತ್ತವೆ. ಹಿಡಿತ ತಪ್ಪಿದರೆ ತೊಗಟೆ ಕಿತ್ತು, ಗಾಯಕ್ಕೆ ಶಿಲೀಂಧ್ರ ತಗಲುತ್ತದೆ. ಅದಕ್ಕೇ ಕೊಯ್ಲಿಗೆ ಮೊದಲು ನೀರು ನಿಲ್ಲಿಸಿ ತೊಗಟೆ ಬಿಗಿಯಾಗಲು ಬಿಡುತ್ತಾರೆ.

ಉದುರಿದ ಕಾಯಿ ವಾರದಿಂದ ಹತ್ತು ದಿನ ನೆಲದ ಮೇಲೆಯೇ ಒಣಗುತ್ತದೆ. ಬಳಿಕ ಒಂದು ಯಂತ್ರ ಗುಡಿಸಿ ಸಾಲು ಮಾಡಿದರೆ, ಇನ್ನೊಂದು ಹೆಕ್ಕುತ್ತದೆ. ಆಗ ಏಳುವ ದೂಳು ಸುತ್ತಲಿನ ಊರಿನವರ ಉಸಿರಿಗೆ ಕಂಟಕ. ಇದನ್ನು ಸಣ್ಣ ಮಾತೆಂದು ತಳ್ಳಿಹಾಕುವಂತಿಲ್ಲ. ಕಾಯಿ ನೆಲ ಮುಟ್ಟುವ ಮೊದಲೇ ಹಿಡಿಯುವ ಪದ್ಧತಿಯನ್ನು ಕೆಲವು ತೋಟಗಳು ಅಳವಡಿಸಿಕೊಂಡಿವೆ. ಆದರೆ ಹಾಗೆ ಹಿಡಿದ ಕಾಯಿಯಲ್ಲಿ ತೇವ ಹೆಚ್ಚು. ಅದನ್ನು ಬೇರೆಡೆ ಒಣಗಿಸುವ ಖರ್ಚು ಬೆಳೆಗಾರರ ಮೇಲೆ ಬೀಳುತ್ತದೆ.